ಪರ-ವಿರೋಧ: ಬುಡಕಟ್ಟು ಸರ್ಕಾರ ಬೇಡ ಅಂದರೆ ರಸ್ತೆ ನಿಲ್ಲಬೇಕೇ?

ಅಮೆರಿಕದಲ್ಲಿ ಕೇಂದ್ರದ ಮಾನ್ಯತೆ ಪಡೆದ 500ಕ್ಕೂ ಹೆಚ್ಚು ಬುಡಕಟ್ಟುಗಳಿವೆ. ಅವಕ್ಕೆ ತಮ್ಮದೇ ಸರ್ಕಾರ ಇದೆ. ರಾಜ್ಯಗಳು ಸಾರಿಗೆ ಯೋಜನೆ ಮಾಡುವಾಗ ಅವರ ಮಾತನ್ನೂ ಗಮನಿಸಬೇಕು ಎಂದು 1991ರ ಕೇಂದ್ರ ಕಾನೂನು ಹೇಳಿತು. ರಿಸರ್ವೇಶನ್ (ಬುಡಕಟ್ಟಿಗೆಂದೇ ಮೀಸಲಾದ ನೆಲ) ಹೊರಗೆ, ಅವರ ಪೂರ್ವಿಕರ ನೆಲದಲ್ಲಿ ರಸ್ತೆ ಬರುವಾಗ ಮಾತು ಕೇಳಿದರೆ ಸಾಕೇ, ಒಪ್ಪಿಗೆಯೇ ಬೇಕೇ?

ಪರ: ಒಪ್ಪಿಗೆ ಬೇಕೇ ಬೇಕು

ಮೊಂಟಾನಾದ 93ನೇ ಹೆದ್ದಾರಿ ಫ್ಲಾಟ್‌ಹೆಡ್ ರಿಸರ್ವೇಶನ್ ಒಳಗೇ ಹಾದುಹೋಗುತ್ತದೆ. ರಾಜ್ಯ ಅದನ್ನು ಅಗಲ ಮಾಡಲು ಹೊರಟಾಗ ಸಾಲಿಶ್ ಮತ್ತು ಕೂಟೆನಾಯ್ ಬುಡಕಟ್ಟುಗಳು ಒಪ್ಪಲಿಲ್ಲ. ರಾಜ್ಯ, ಬುಡಕಟ್ಟುಗಳು, ಕೇಂದ್ರ ಈ ಮೂವರೂ ಒಪ್ಪುವ ತನಕ ಲೇನ್ ಎಷ್ಟು ಅನ್ನುವ ತೀರ್ಮಾನವೇ ಬೇಡ ಎಂದು ಕೇಂದ್ರದ ಹೆದ್ದಾರಿ ಇಲಾಖೆ ತಡೆಹಿಡಿಯಿತು. 2000ರಲ್ಲಿ ಒಪ್ಪಂದ ಆಯಿತು. ಈ ನೆಲಕ್ಕೆ ರಸ್ತೆ ಬರೀ ಅತಿಥಿ, ಹಾಗೇ ನಡೆದುಕೊಳ್ಳಬೇಕು ಅನ್ನುವುದು ವಿನ್ಯಾಸದ ಮೂಲ ಸೂತ್ರವಾಯಿತು. ಕರಡಿ, ಜಿಂಕೆ, ಮೀನು ದಾಟಲು ಸುಮಾರು 40 ದಾರಿಗಳಾದವು. ಎವಾರೋ ಬಳಿ ಪ್ರಾಣಿಗಳಿಗೆಂದೇ ಮೇಲ್ಸೇತುವೆ ಬಂತು. ಫಲಕಗಳಲ್ಲಿ ಅವರ ಭಾಷೆಗಳೂ ಬಂದವು. ಇಲಾಖೆಯ ಎಂಜಿನಿಯರ್‌ಗಳಿಗೆ ಇದೆಲ್ಲ ತಾವಾಗಿಯೇ ಹೊಳೆಯುತ್ತಿತ್ತೇ? ನನಗಂತೂ ನಂಬಿಕೆ ಇಲ್ಲ. ಬೇಡ ಅನ್ನುವ ಬಲ ಇತ್ತು, ಅದಕ್ಕೇ ಮಾತು ನಡೆಯಿತು.

ಆ ಬಲ ಇಲ್ಲದಿದ್ದರೆ? ವಾಷಿಂಗ್ಟನ್ ರಾಜ್ಯ 2003ರಲ್ಲಿ ಹುಡ್ ಕೆನಾಲ್ ತೇಲು ಸೇತುವೆಯ ಕಾಂಕ್ರೀಟ್ ಭಾಗಗಳನ್ನು ಕಟ್ಟಲು ಪೋರ್ಟ್ ಏಂಜಲೀಸ್ ಕಡಲ ದಂಡೆಯಲ್ಲಿ ಅಗೆಯಲು ಶುರು ಮಾಡಿತು. ಸಿಕ್ಕಿದ್ದು ಕ್ಲಾಲಂ ಜನರ ಹಳೆಯ ಊರು, 300ಕ್ಕೂ ಹೆಚ್ಚು ಸಮಾಧಿಗಳು. 2004ರ ಡಿಸೆಂಬರಿನಲ್ಲಿ ಕೆಲಸ ಕೈಬಿಟ್ಟರು. ಕೋಟಿಗಟ್ಟಲೆ ಡಾಲರ್ ನೀರುಪಾಲಾಯಿತು. ಅಲ್ಲಿ ಊರಿತ್ತು ಅಂತ ಬುಡಕಟ್ಟಿನವರಿಗೆ ಗೊತ್ತಿತ್ತು. ಗುದ್ದಲಿ ಹಾಕುವ ಮೊದಲು ಅವರ ಒಪ್ಪಿಗೆ ಬೇಕಿದ್ದರೆ ಆ ಮಾತು ಮೊದಲೇ ಗಟ್ಟಿಯಾಗಿ ಕೇಳುತ್ತಿತ್ತು, ಅಲ್ವಾ?

ವಿರೋಧ: ಕುರ್ಚಿ ಕೊಡಿ, ವೀಟೋ ಬೇಡ

ಪೋರ್ಟ್ ಏಂಜಲೀಸ್ ಕಥೆಯಲ್ಲಿ ಒಂದು ಸಂಗತಿ ಬಿಟ್ಟುಹೋಗಿದೆ. 2004ರಲ್ಲಿ ಬುಡಕಟ್ಟೇ ರಾಜ್ಯದ ಜೊತೆ ಒಪ್ಪಂದ ಮಾಡಿಕೊಂಡು ಕೆಲಸ ಮುಂದುವರಿಸಲು ಬಿಟ್ಟಿತ್ತು. ಸಮಾಧಿಗಳು ಜಾಸ್ತಿ ಆಗುತ್ತಾ ಹೋದ ಮೇಲೆ ನಿಲ್ಲಿಸಿ ಎಂದಿತು. ಅದು ನ್ಯಾಯವೇ. ಆದರೆ ನೆಲದಡಿ ಏನಿದೆ ಅಂತ ಸರಿಯಾಗಿ ತಿಳಿಯದೆ ಕೊಟ್ಟ ಸಹಿ ಯಾರನ್ನೂ ಕಾಪಾಡಲಿಲ್ಲ. ಕಡ್ಡಾಯ ಒಪ್ಪಿಗೆಯೂ ಅಂಥದ್ದೇ ಇನ್ನೊಂದು ಸಹಿ ಆಗಬಹುದು.

ಅರಿಜೋನಾ ನೋಡಿ. ಫೀನಿಕ್ಸ್‌ನ ಸೌತ್ ಮೌಂಟನ್ ಫ್ರೀವೇ ಬಗ್ಗೆ ಪಕ್ಕದ ರಿಸರ್ವೇಶನ್‌ನ ಹೀಲಾ ರಿವರ್ ಬುಡಕಟ್ಟು ಸಮುದಾಯ 2012ರಲ್ಲಿ ಮತ ಹಾಕಿತು. ನಮ್ಮ ನೆಲದಲ್ಲೂ ಬೇಡ, ಹೊರಗೂ ಬೇಡ ಅನ್ನುವ ಆಯ್ಕೆ ಗೆದ್ದಿತು. ರಾಜ್ಯವು ರಿಸರ್ವೇಶನ್ ಗಡಿಯ ಹೊರಗೆ ರಸ್ತೆ ಮಾಡಿತು. ಅವರು ಪವಿತ್ರ ಎನ್ನುವ ಬೆಟ್ಟದ ಏಣನ್ನು ಸೀಳಿತು. ಕೋರ್ಟಿನಲ್ಲೂ ಸಮುದಾಯ ಸೋತಿತು. 2019ರಲ್ಲಿ ರಸ್ತೆ ತೆರೆಯಿತು. ನೋವಿನ ಕಥೆ, ಒಪ್ಪುತ್ತೇನೆ. ಆದರೆ ಫೀನಿಕ್ಸ್ ಇರುವ ಕೌಂಟಿಯ (ಜಿಲ್ಲೆಯ) ಮತದಾರರು ಹೆದ್ದಾರಿಗಳಿಗಾಗಿ 1985ರಲ್ಲಿ, ಮತ್ತೆ 2004ರಲ್ಲಿ ತೆರಿಗೆಗೆ ಒಪ್ಪಿ ಮತ ಹಾಕಿದ್ದರು. ರಿಸರ್ವೇಶನ್ ಹೊರಗಿನ ರಸ್ತೆಗೂ ವೀಟೋ ಕೊಟ್ಟರೆ ಅವರ ಮತಕ್ಕೆ ಏನು ಬೆಲೆ? ಒಂದೇ ನೆಲ ಹಲವು ಬುಡಕಟ್ಟುಗಳ ಪೂರ್ವಿಕರದ್ದಾಗಿದ್ದರೆ ಯಾರ 'ಬೇಡ' ಲೆಕ್ಕಕ್ಕೆ ಬರುತ್ತದೆ?

ಇನ್ನೊಂದು ಮಾತು. ಅಮೆರಿಕದಲ್ಲಿ ಜನಸಂಖ್ಯೆಗೆ ಹೋಲಿಸಿದರೆ ರಸ್ತೆ ಅಪಘಾತದಲ್ಲಿ ಅತಿ ಹೆಚ್ಚು ಸಾಯುವವರು ಮೂಲನಿವಾಸಿಗಳೇ. ಕೆಟ್ಟ ರಸ್ತೆ ಹಾಗೇ ಉಳಿದರೆ ಮೊದಲ ಪೆಟ್ಟು ಅವರಿಗೇ. ವೀಟೋ ಬದಲು, ಮೊದಲ ನಕ್ಷೆ ಬರೆಯುವಾಗಲೇ ಬುಡಕಟ್ಟಿನ ಎಂಜಿನಿಯರ್ ಮತ್ತು ಹಿರಿಯರು ಕೂತಿರಲಿ. ಅವರ ಸಂಬಳ ಯೋಜನೆಯ ದುಡ್ಡಿನಿಂದಲೇ ಹೋಗಲಿ.