ಸತ್ಯಾಂಶ: ಮೇಪಲ್ ಎಲೆ ಕೆಂಪಾಗುವುದು ಹಿಮಕ್ಕೆ ಸುಟ್ಟಿದ್ದರಿಂದಲ್ಲ

ಅಮೆರಿಕದ ವರ್ಮಾಂಟ್ ಕಾಡಿನ ಕೆಂಪು ಮೇಪಲ್ ಮರಗಳ ಫೋಟೊ ಜೊತೆ ಒಂದು ಫಾರ್ವರ್ಡ್ ಓಡಾಡುತ್ತಿದೆ: ‘ಹಿಮ ಬಿದ್ದು ಎಲೆಗಳು ಸುಟ್ಟು ಸಾಯುತ್ತವೆ, ಅದಕ್ಕೇ ಈ ಬಣ್ಣ.’ ಫೋಟೊ ಚೆನ್ನಾಗಿದೆ. ವಿವರಣೆ ತಪ್ಪು.

ಬಣ್ಣ ಬದಲಾಗುವಾಗ ಎಲೆ ಇನ್ನೂ ಬದುಕಿರುತ್ತದೆ, ಸುಮ್ನೆ ಕೂತಿರುವುದೂ ಇಲ್ಲ. ಹಗಲು ಚಿಕ್ಕದಾಗುತ್ತಾ ಬಂದಂತೆ ಮರ ಚಳಿಗಾಲಕ್ಕೆ ತಯಾರಾಗುತ್ತದೆ. ಎಲೆಯ ಹಸಿರು, ಅಂದರೆ ಕ್ಲೋರೋಫಿಲ್, ಒಡೆಯುತ್ತದೆ. ಎಲೆಯಲ್ಲಿದ್ದ ಸಾರಜನಕದಲ್ಲಿ ದೊಡ್ಡ ಪಾಲನ್ನು ಮರ ವಾಪಸ್ ಎಳೆದುಕೊಳ್ಳುತ್ತದೆ. ಆಗ ಕಾಣುವ ಹಳದಿ ಬಣ್ಣ ಬೇಸಿಗೆಯಲ್ಲೂ ಎಲೆಯಲ್ಲೇ ಇತ್ತು, ಹಸಿರಿನಡಿ ಅಡಗಿತ್ತು. ಕೆಂಪಿನ ಕಥೆಯೇ ಬೇರೆ. ಆಂಥೋಸಯನಿನ್ ಎಂಬ ಆ ಬಣ್ಣವನ್ನು ಎಲೆ ಆಗ ಹೊಸದಾಗಿ ತಯಾರಿಸುತ್ತದೆ. ಸತ್ತ ಎಲೆಗೆ ಅದು ಆಗುವ ಕೆಲಸವಲ್ಲ, ಅಲ್ವಾ? ಉದುರುವ ಹೊತ್ತಿನಲ್ಲಿ ಈ ಖರ್ಚು ಯಾಕೆ? ಜಾಸ್ತಿ ಬಿಸಿಲಿನಿಂದ ರಕ್ಷಣೆಗೆ ಎಂಬುದು ಒಂದು ವಾದ. ವಿಜ್ಞಾನಿಗಳ ಚರ್ಚೆ ಇನ್ನೂ ಮುಗಿದಿಲ್ಲ.

ಚಳಿಗೆ ಪಾತ್ರವೇ ಇಲ್ಲ ಎಂದಲ್ಲ. ಬಿಸಿಲಿನ ಹಗಲು, ತಣ್ಣಗಿದ್ದರೂ ನೀರು ಹೆಪ್ಪುಗಟ್ಟದಂಥ ರಾತ್ರಿ ಇದ್ದರೆ ಕೆಂಪು ಚೆನ್ನಾಗಿ ಏರುತ್ತದೆ. ಹೆಪ್ಪುಗಟ್ಟಿಸುವ ಚಳಿ ಬೇಗ ಬಂದರೆ ಎಲೆ ಕಂದಾಗಿ ಮುದುರುತ್ತದೆ. ಫಾರ್ವರ್ಡ್ ಹೇಳುವುದಕ್ಕೆ ಪೂರಾ ಉಲ್ಟಾ.

ಎಲೆ ಉದುರಿಸುವುದೂ ಮರವೇ. ತೊಟ್ಟಿನ ಬುಡದಲ್ಲಿ ಒಂದು ಪದರ ಬೆಳೆದು ಎಲೆ ಕಳಚಿಕೊಳ್ಳುತ್ತದೆ. ಆದರೆ ಬೀಚ್, ಕೆಲವು ಓಕ್‌ನಂಥ ಮರಗಳು ಒಣಗಿದ ಎಲೆಗಳನ್ನು ವಸಂತದವರೆಗೂ ಬಿಡುವುದಿಲ್ಲ.