ನಗಬ್ಯಾಡ್ರಿ, ಸುಮ್ನೆ ಮಲಗ್ರಿ

ಧಾರವಾಡದಲ್ಲಿ ಎದೆನೋವು ಬಂದರೆ ಅದನ್ನು ಗುಟ್ಟಾಗಿ ಇಟ್ಟುಕೊಳ್ಳೋಕೆ ಆಗೋದಿಲ್ಲ. ಇಸಿಜಿ, ಎಕ್ಸ್‌ರೇ ಎಲ್ಲ ನೋಡಿ, 'ಹೃದಯಕ್ಕೇನೂ ಆಗಿಲ್ಲ, ವೈರಸ್ಸು ಪಕ್ಕೆಲುಬಿನ ಸ್ನಾಯು ಹಿಡಿದಿದೆ' ಅಂತ ಡಾಕ್ಟರು ಹೇಳುವಷ್ಟರಲ್ಲಿ, ನನಗೆ ಹಾರ್ಟ್ ಅಟ್ಯಾಕ್ ಆದ ಸುದ್ದಿ ಚಿಗರಿ ಬಸ್ಸನ್ನೂ ಹಿಂದೆ ಹಾಕಿ ಹುಬ್ಬಳ್ಳಿಯ ನೆಂಟರನ್ನು ಮುಟ್ಟಿತ್ತು.

ಈ ಜಡ್ಡಿಗೆ ಬಾರ್ನ್‌ಹೋಮ್ ಅಂತ ಹೆಸರು. ಅದು ಡೆನ್ಮಾರ್ಕಿನ ಒಂದು ದ್ವೀಪ. ಅಲ್ಲಿ ಈ ನೋವು ಹರಡಿದ್ದನ್ನು ಸಿಲ್ವೆಸ್ಟ್ ಅನ್ನೋ ಡಾಕ್ಟರು 1930ರ ದಶಕದಲ್ಲಿ ಬರೆದಿಟ್ಟರು. ಇದನ್ನು ಹೆಚ್ಚಾಗಿ ತರೋದು ಕಾಕ್ಸಾಕಿ ಅನ್ನೋ ವೈರಸ್ಸು. ಅದೂ ನ್ಯೂಯಾರ್ಕ್ ರಾಜ್ಯದ ಒಂದು ಊರೇ. ಪಾಪ, ಆ ಊರಿನವರು ಏನು ತಪ್ಪು ಮಾಡಿದ್ದರೋ! ನಮ್ಮೂರಿನ ಹೆಸರು ಪೇಡಾಕ್ಕೆ ಅಂಟಿಕೊಂಡಿದ್ದು ನಮ್ಮ ಪುಣ್ಯ.

ನೋವೋ, ಬಲು ಕಿಲಾಡಿ. ಅಲ್ಲಾಡದೆ ಮಲಗಿದರೆ ತಾನೂ ಮಲಗಿರುತ್ತದೆ. ಸ್ವಲ್ಪ ಜೋರಾಗಿ ಉಸಿರೆಳೆದರೆ ಸಾಕು, ಕೆಳಪಕ್ಕೆಗೆ ಇಕ್ಕಳ ಹಾಕಿ ತಿರುವಿದ ಹಾಗೆ. ಒಂದಿಷ್ಟು ಹೊತ್ತು ತಿರುವಿ ಬಿಡುತ್ತದೆ. ಹೋಯ್ತು ಅಂತ ಎದ್ದು ಕೂತರೆ ಮತ್ತೆ ಹಾಜರ್. ಕೆಮ್ಮು, ಸೀನು, ಆಕಳಿಕೆ, ನಗು ಎಲ್ಲದಕ್ಕೂ ದಂಡ ಕಟ್ಟಬೇಕು. ಕೆಮ್ಮು ಬರುವಾಗ ಪಕ್ಕೆಗೆ ದಿಂಬು ಒತ್ತಿಕೊಳ್ಳಿ ಅಂದಿದ್ದರು ಡಾಕ್ಟರು. ನನಗೆ ಅವ್ವ ಹೊಲಿದ ಕೌದಿಯೇ ವಾಸಿ ಅನ್ನಿಸಿತು. ನಾಲ್ಕು ಮಡಿಕೆ ಮಾಡಿ ಗಟ್ಟಿಯಾಗಿ ಅವುಚಿಕೊಂಡರೆ ಅರ್ಧ ನೋವು ಅದೇ ನುಂಗುತ್ತದೆ.

ಜ್ವರ ಬೇಗ ಬಿಟ್ಟಿತು, ಸುಸ್ತು ಬಿಡಲಿಲ್ಲ. ಹಲ್ಲುಜ್ಜಿದ ದಣಿವು ಆರಿಸಿಕೊಂಡು ಚಹಾ ಕುಡಿಯೋದು. ಚಹಾ ಕುಡಿದ ದಣಿವಿಗೆ ಮತ್ತೆ ಮಲಗೋದು.

ನೋಡಲು ಬಂದವರಿಗೆಲ್ಲ ನನ್ನ ಮೇಲೆ ಸ್ವಲ್ಪ ಬೇಜಾರು.

'ಸೂಜಿ ಮಾಡಲಿಲ್ಲೇನ್ರಿ?'

ಇಲ್ಲ.

'ಸಲಾಯಿನ್ ಹಚ್ಚಲಿಲ್ಲೇನ್ರಿ?'

ಇಲ್ಲ.

'ಆಂಟಿಬಯೋಟಿಕ್ ಆದ್ರೂ ಕೊಟ್ರೋ ಇಲ್ಲೋ?'

ವೈರಸ್ಸಿಗೆ ಅದು ನಾಟುವುದಿಲ್ಲ, ಪ್ಯಾರಾಸಿಟಮಾಲ್ ನುಂಗಿ, ಶಾಖ ಕೊಟ್ಟುಕೊಂಡು ಮಲಗಬೇಕು ಅಷ್ಟೇ ಅಂದೆ. ಮುಖ ಸಣ್ಣದಾಯಿತು. ಹಾರ್ಟ್ ಅಟ್ಯಾಕ್ ಅಂತ ಎಳನೀರು ಹಿಡಿದು ಬಂದವರಿಗೆ ಇಷ್ಟಾದರೂ ಬೇಡ್ವಾ?

ಇವರೆಲ್ಲರಿಗಿಂತ ಅಪಾಯದ ಮನುಷ್ಯ ಎದುರುಮನೆ ಕಾಕಾ. ಅವರು ಬಾಯಿ ಬಿಟ್ಟರೆ ನಗು. ಗಿರಮಿಟ್ ಪೊಟ್ಟಣ ಹಿಡಿದು ಬಂದವರನ್ನು ಹೆಂಡತಿ ಬಾಗಿಲಲ್ಲೇ ತಡೆದಳು. 'ಕಾಕಾ, ಇವರನ್ನ ನಗಸಬ್ಯಾಡ್ರಿ, ಭಾಳ ನೋವಾಗತೈತಿ.'

'ಛೇ ಛೇ, ನಾ ಯಾಕ ನಗಸ್ಲೆವಾ?' ಅಂದವರೇ ಕುರ್ಚಿ ಎಳೆದು ಕೂತರು. ಕೈ ಎರಡೂ ಮೊಣಕಾಲ ಮೇಲೆ. ಗಿರಮಿಟ್ಟಿನ ಒಂದು ಚುರುಮುರಿ ಮೀಸೆಗೆ ಅಂಟಿತ್ತು, ಉಸಿರು ಬಿಟ್ಟಾಗೆಲ್ಲ ಅದು ಅಲ್ಲಾಡುತ್ತಿತ್ತು. ನಾನು ಫ್ಯಾನ್ ನೋಡಿದೆ, ಕ್ಯಾಲೆಂಡರ್ ನೋಡಿದೆ. ಅವರು ನಿಟ್ಟುಸಿರು ಬಿಟ್ಟು, 'ಹಂಗಾರ ದುಃಖದ ಮಾತೇ ಹೇಳತೀನಿ. ನಮ್ಮ ಅಳಿಯ ಬಂದಾನ. ಶ್ರಾವಣ ಮುಗಿಯೂತನಕ ಇರತಾನಂತ' ಅಂದರು.

ಕೌದಿಗೆ ಕೈ ಹಾಕಿದೆ. ಮಳೆ ಹೊಳವಾಯಿತು ಅಂತ ಹೆಂಡತಿ ಅವತ್ತೇ ಅದನ್ನು ಒಗೆದು ಹಗ್ಗಕ್ಕೆ ಹಾಕಿದ್ದಳು.