ಪಿಂಚಣಿ ಜೊತೆ ಬಂದ ಜ್ಞಾನ

ಡಿಸೆಂಬರ್ ಬಂದರೆ ಬೆಳಗಾವಿಗೆ ಎರಡು ಬರುತ್ತವೆ. ಒಂದು ಚಳಿ, ಇನ್ನೊಂದು ಸರ್ಕಾರ. ಚಳಿ ಸ್ವಲ್ಪ ಜಾಸ್ತಿ ದಿನ ಇರುತ್ತದೆ. 2012ರಲ್ಲಿ ಸುವರ್ಣ ವಿಧಾನಸೌಧ ಉದ್ಘಾಟನೆಯಾದ ಮೇಲೆ ನಮಗಿದು ರೂಢಿಯಾಗಿದೆ. ಅಧಿವೇಶನದ ಹೊತ್ತಿಗೇ ಇಲ್ಲೊಂದು ಆರೋಗ್ಯ ಸುಧಾರಣೆಯ ಗೋಷ್ಠಿಯೂ ನಡೆಯಿತು. ಭಾಷಣ ನಿವೃತ್ತ ಹಿರಿಯ ಅಧಿಕಾರಿಯೊಬ್ಬರದು.

ಎಂಥಾ ಮಾತು ಅಂತೀರಿ! ‘ಅಧಿಕಾರವೆಲ್ಲ ಬೆಂಗಳೂರಿನಲ್ಲೇ ಕೂತಿದೆ. ಹಳ್ಳಿಯ ಡಾಕ್ಟರಿಗೆ ಒಂದು ಬಲ್ಬು ಕೊಳ್ಳುವ ಸ್ವಾತಂತ್ರ್ಯವೂ ಇಲ್ಲ’ ಎಂದರು. ಚಪ್ಪಾಳೆ ಬಿತ್ತು. 500 ಕಿಲೋಮೀಟರ್ ಆಚೆ ಕೂತು ಆ ಬಲ್ಬು ತಡೆದ ದುಷ್ಟ ಯಾರೋ ಅಂತ ನನಗೂ ಸಿಟ್ಟು ಬಂತು.

ನಮ್ಮ ಅಧಿಕಾರಿಗಳಿಗೆ 60ಕ್ಕೆ ನಿವೃತ್ತಿ. ಜ್ಞಾನೋದಯ ಮಾತ್ರ ಅದರ ಮರುದಿನ ಬೆಳಗ್ಗೆ. ಮೊದಲು ನಿವೃತ್ತಿ ಕೊಟ್ಟು ಆಮೇಲೆ ಕೆಲಸಕ್ಕೆ ತಗೊಂಡರೆ ಹೇಗೆ ಅಂತ ನನಗೆ ಎಷ್ಟೋ ಸಲ ಅನಿಸಿದೆ.

ಸಾಹೇಬರು ಇತಿಹಾಸಕ್ಕೂ ಕೈಹಾಕಿದರು. ಹಳ್ಳಿಗಳಿಗೆ ಆರೋಗ್ಯ ಕೇಂದ್ರ ಬೇಕು ಅಂತ ಬ್ರಿಟಿಷ್ ಸರ್ಕಾರ ನೇಮಿಸಿದ್ದ ಭೋರ್ ಸಮಿತಿ 1946ರಲ್ಲೇ ಹೇಳಿತ್ತು. ರಾಷ್ಟ್ರೀಯ ಆರೋಗ್ಯ ನೀತಿ 1983ರಲ್ಲಿ ಒಂದು, 2002ರಲ್ಲಿ ಒಂದು, 2017ರಲ್ಲಿ ಇನ್ನೊಂದು. 2025ರ ಹೊತ್ತಿಗೆ ಆರೋಗ್ಯಕ್ಕೆ ಸರ್ಕಾರದ ಖರ್ಚು ಜಿಡಿಪಿಯ ಶೇ. 2.5 ಆಗಬೇಕು ಅಂತ ಆ ಕೊನೆಯದು ಬರೆದುಕೊಂಡಿತ್ತು. 2025 ಹೇಳಿದ ಟೈಮಿಗೆ ಬಂತು. ದುಡ್ಡು ಇನ್ನೂ ದಾರಿಯಲ್ಲಿದೆ.

ಸುಮ್ನೆ ಹೇಳಬಾರದು, ಹಳ್ಳಿ ದವಾಖಾನೆಗಳ ಬೋರ್ಡುಗಳು ಮಾತ್ರ ತಡ ಮಾಡಿಲ್ಲ. 2018ರಲ್ಲಿ ‘ಆರೋಗ್ಯ ಮತ್ತು ಕ್ಷೇಮ ಕೇಂದ್ರ’ ಅಂತ ಬಂತು. 2023ರಲ್ಲಿ ಅದೇ ‘ಆಯುಷ್ಮಾನ್ ಆರೋಗ್ಯ ಮಂದಿರ’ ಆಯಿತು. ಪೇಂಟರಿಗೆ ಕೆಲಸ ಸಿಕ್ಕಿತು, ಅದೂ ಸುಧಾರಣೆಯೇ ಅಲ್ವಾ?

ಊಟದ ಹೊತ್ತು. ಸಾಹೇಬರು ಕುಂದಾ ತಿನ್ನುತ್ತಿದ್ದರು. ಹಳ್ಳಿ ದವಾಖಾನೆಯಲ್ಲಿ ದುಡಿದು ನಿವೃತ್ತರಾದ ಫಾರ್ಮಸಿಸ್ಟ್ ಒಬ್ಬರು ಹತ್ತಿರ ಹೋದರು.

“ನಮಸ್ಕಾರ್ರಿ ಸಾಹೇಬ್ರ. ಹೆರಿಗಿ ಖೋಲಿ ಇನ್ವರ್ಟರ್ ಬ್ಯಾಟರಿ ಸತ್ತಿತ್ರಿ. ನಮ್ಮ ದವಾಖಾನಿದs ಆರೋಗ್ಯ ರಕ್ಷಾ ಸಮಿತಿ ಇರ್ತದಲ್ರಿ, ಅದರ ದುಡ್ಡಿನಾಗ ತಗೋಬೇಕೋ ಬ್ಯಾಡೋ ಅಂತ ಕೇಳಿ ಫೈಲ್ ಕಳಿಸಿದ್ವಿ. ಮೂರು ಸಲ ವಾಪಸ್ ಬಂತ್ರಿ. ಮೊದಲು ‘ಪರಿಶೀಲಿಸಿ ಮಂಡಿಸಿ’, ಆಮ್ಯಾಲ ‘ಚರ್ಚಿಸಿ’, ಕಡೀಕ ‘ಸಹಮತಿ ಪಡೆಯಿರಿ’. ಸಹಿ ನಿಮ್ದs ಇತ್ರಿ.”

ಸಾಹೇಬರ ಮುಖ ಅರಳಿತು.

“ನೋಡಿದ್ರಾ! ನಾನು ಬೆಳಗ್ಗೆಯಿಂದ ಹೇಳ್ತಿರೋದೂ ಇದನ್ನೇ. ಬಹಳ ಒಳ್ಳೇ ಉದಾಹರಣೆ ಕೊಟ್ರಿ. ಮುಂದಿನ ಗೋಷ್ಠಿಗೆ ಇದನ್ನು ಬಳಸ್ಕೊಳ್ಳಲಾ?”

ಫಾರ್ಮಸಿಸ್ಟ್ ತಲೆಯಾಡಿಸಿದರು. “ಬಳಸ್ಕೋರಿ. ಅದಕ್ಕೇನೂ ಸಹಮತಿ ಬ್ಯಾಡ್ರಿ.”